ತಲೆಸುತ್ತಿಗೆ ಕಾರಣ ಕೇಳೋಣ



"ಯಾಕೋ ತಲೆ ಗಿರ್ ಅಂತದೆ ಅಕ್ಕ" ಎಂಬ ಮಾತು ಕೇಳಿಸದ ಸಂಘದ ಸಭೆಯೇ ಇಲ್ಲ. ಕೂಡಲೇ ಒಬ್ಬಳು ಪಿತ್ತ ಅನ್ನುತ್ತಾಳೆ, ಇನ್ನೊಬ್ಬಳು ದೃಷ್ಟಿ ತೆಗೆಸು ಅನ್ನುತ್ತಾಳೆ, ಮತ್ತೊಬ್ಬಳು ನಿಶ್ಶಕ್ತಿ ಅನ್ನುತ್ತಾಳೆ. ಅಷ್ಟಕ್ಕೆ ಮಾತು ಮುಗಿದು ಉಳಿತಾಯದ ಲೆಕ್ಕ ಶುರುವಾಗುತ್ತದೆ. ಹೆಣ್ಣಿನ ತಲೆಸುತ್ತು ಯಾರಿಗೂ ಸುದ್ದಿಯಲ್ಲ. ಅವಳು ಗೋಡೆ ಹಿಡಿದುಕೊಂಡೇ ನೀರು ತರುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ಕೂಲಿಗೂ ಹೋಗುತ್ತಾಳೆ. ಕೆಲಸ ನಿಲ್ಲದಿರುವಾಗ ಅವಳ ಕಾಯಿಲೆಯನ್ನು ಯಾರು ಗಮನಿಸುತ್ತಾರೆ?

ನಾನೂ ಎರಡು ವರ್ಷ ಈ ತಲೆಸುತ್ತನ್ನು ಹೊತ್ತು ತಿರುಗಿದವಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸೂರೇ ತಿರುಗುತ್ತಿತ್ತು. ಒಬ್ಬ ವೈದ್ಯರು ನಿಶ್ಶಕ್ತಿ ಎಂದು ಗ್ಲೂಕೋಸ್ ಏರಿಸಿದರು. ಇನ್ನೊಬ್ಬರು "ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದರು. ಮೂರನೆಯವರು ಟೆನ್ಶನ್ ಎಂದು ನಿದ್ದೆ ಮಾತ್ರೆ ಬರೆದರು. ನಾಲ್ಕನೆಯ ವೈದ್ಯೆ ಮಾತ್ರ ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ ನನ್ನ ಕಣ್ಣನ್ನೇ ನೋಡಿದರು. ಕಣ್ಣುಗುಡ್ಡೆ ತಾನಾಗಿ ಅದುರುತ್ತಿತ್ತು. ಒಳಕಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದರೆ ಹೀಗಾಗುತ್ತದಂತೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು ವೈದ್ಯರು 1952ರಲ್ಲೇ ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ಎರಡೇ ನಿಮಿಷ ಸಾಕು. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳುಗಳನ್ನು ಮತ್ತೆ ಅವುಗಳ ಜಾಗಕ್ಕೆ ತರುವುದೇ ಚಿಕಿತ್ಸೆ. ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣವಾಗುತ್ತದೆ. ನನಗೂ ಆಯಿತು.

ಆ ವೈದ್ಯೆ ಕೇಳಿದ ಒಂದು ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು: "ತಲೆಗೆ ಪೆಟ್ಟು ಬಿದ್ದಿತ್ತೇ?" ಪೆಟ್ಟಿನಿಂದಲೂ ಆ ಹರಳುಗಳು ಸರಿಯುತ್ತವೆ. ನನಗೆ ಬಸ್ಸಿನಲ್ಲಿ ಕಂಬಿಗೆ ತಲೆ ಬಡಿದಿತ್ತು. ಹೇಳಲು ಅಳುಕೇನೂ ಇರಲಿಲ್ಲ. ಆದರೆ ಮನೆಯೊಳಗೇ ಪೆಟ್ಟು ತಿಂದವಳನ್ನು ಹೀಗೆ ಕೇಳಿದರೆ? ಹೊಡೆದವನೇ ಪಕ್ಕದಲ್ಲಿ ನಿಂತು "ಮೆಟ್ಟಿಲಿನಿಂದ ಬಿದ್ದಳು ಡಾಕ್ಟ್ರೇ" ಎನ್ನುತ್ತಿದ್ದರೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮದುವೆಯಾದ 18ರಿಂದ 49 ವರ್ಷದವರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಎಲ್ಲರಿಗೂ ಬಡಿಸಿ ತಳ ಕೆರೆದು ಉಣ್ಣುವವಳ ತಲೆ ಸುತ್ತುತ್ತದೆ. ಗೋಡೆಗೆ ತಲೆ ಬಡಿಸಿಕೊಂಡವಳ ತಲೆಯೂ ಸುತ್ತುತ್ತದೆ. ಇಬ್ಬರಿಗೂ ಸಿಗುವುದು ಒಂದೇ ಟಾನಿಕ್!

ತಲೆಸುತ್ತು ಎನ್ನುವುದು ಕಾಯಿಲೆಯ ಹೆಸರಲ್ಲ, ಅದು ಲಕ್ಷಣ. ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಸುತ್ತಿದರೆ ಒಳಕಿವಿಯ ಹರಳು ಇರಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿ.ಪಿ. ಇಳಿಯುತ್ತಿರಬಹುದು, ರಕ್ತ ಕಡಿಮೆ ಇರಬಹುದು. ಗಂಟೆಗಟ್ಟಲೆ ಸುತ್ತಿ, ಕಿವಿ ಮೊರೆದು, ಕೇಳಿಸುವುದು ಮಂದವಾದರೆ ಅದು ಕಿವಿಯದೇ ಬೇರೆ ಕಾಯಿಲೆ ಇರಬಹುದು. ಅರೆತಲೆನೋವು, ಸಕ್ಕರೆ ಕಾಯಿಲೆಯ ಮಾತ್ರೆ, ಮುಟ್ಟಿನಲ್ಲಿ ವಿಪರೀತ ಸ್ರಾವ, ಇವೂ ಕಾರಣವಾಗುತ್ತವೆ. ಸದಾ ಹೆದರಿಕೆಯಲ್ಲಿ ಬದುಕುವವಳ ತಲೆಯೂ ನಿಜವಾಗಿ ಸುತ್ತುತ್ತದೆ, ಅದು ನಾಟಕವಲ್ಲ. ಕೆನ್ನೆಗೆ ಬಿದ್ದ ಏಟಿಗೆ ಕಿವಿಯ ತಮಟೆ ಹರಿಯಬಹುದು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗಾಯದ ಗುರುತೇ ಇಲ್ಲದೆ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿ, ದಿನಗಳ ನಂತರವೂ ಅಪಾಯ ಬರಬಹುದು. ಹಾಗೆ ಆದವರು ಒಂದು ದಿನವೂ ಕಾಯಬಾರದು.

ಕಾರಣ ತಿಳಿಯದಿದ್ದರೆ ನಷ್ಟ ಆರೋಗ್ಯಕ್ಕೆ ಮಾತ್ರವಲ್ಲ. "ರೋಗದವಳನ್ನು ನಮ್ಮ ಕೊರಳಿಗೆ ಕಟ್ಟಿದಿರಿ, ಇನ್ನೊಂದು ಲಕ್ಷ ತನ್ನಿ" ಎಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ನಮ್ಮ ಕಣ್ಣೆದುರಿಗೇ ಇವೆ. ಹೊಡೆದು ಬರಿಸಿದ ಕಾಯಿಲೆಯೇ ವರದಕ್ಷಿಣೆ ಕೇಳಲು ನೆಪವಾಗುತ್ತದೆ! ಬಾಯಿಮಾತಿನ ಆ ಆರೋಪಕ್ಕೆ ಕಾಗದದಲ್ಲಿ ಬರೆದ ವೈದ್ಯರ ಮಾತೇ ಉತ್ತರ. 1 ಜುಲೈ 2024ರಿಂದ 498ಎ ಕಲಮಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಬಂದಿವೆ. ಹೆಣ್ಣಿನ ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೆ ಬೇಕೆಂದೇ ಗಂಭೀರ ಹಾನಿ ಮಾಡುವುದನ್ನು ಅವೂ ಕ್ರೌರ್ಯ ಎಂದೇ ಕರೆಯುತ್ತವೆ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ನೊಂದ ಮಹಿಳೆ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು ಎನ್ನುತ್ತದೆ ಅದರ 7ನೇ ಕಲಮು. ದೌರ್ಜನ್ಯದ ವರದಿ ಮೊದಲೇ ದಾಖಲಾಗಿಲ್ಲ ಎಂಬ ಕಾರಣಕ್ಕೆ ವಾಪಸು ಕಳಿಸುವಂತಿಲ್ಲ. ಪರೀಕ್ಷೆಯ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಈ ಹಕ್ಕು ನಮ್ಮದು, ಕೇಳಿ ಪಡೆಯೋಣ.

ಇದರಲ್ಲಿ ಸಂಘ ಏನು ಮಾಡಬಹುದು? ಮೊದಲನೆಯದು, ತಲೆಸುತ್ತುವವಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ: ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಳು, ಯಾವ ಮಾತ್ರೆ ನುಂಗಿದ್ದಳು, ಪೆಟ್ಟು ಬಿದ್ದಿತ್ತೇ. ಅಕ್ಷರ ಬಾರದಿದ್ದರೆ ಮತ್ತೊಬ್ಬ ಸದಸ್ಯೆ ಬರೆಯಲಿ. ಪೆಟ್ಟಿನ ವಿಷಯ ಬರೆದ ಪುಸ್ತಕ ಮನೆಯಲ್ಲಿರುವುದು ಬೇಡ, ಸಂಘದ ಪೆಟ್ಟಿಗೆಯಲ್ಲಿರಲಿ. ಎರಡನೆಯದು, ಅವಳನ್ನು ಒಬ್ಬಳೇ ಕಳಿಸಬೇಡಿ. ಜೊತೆಗೆ ಹೋಗಿ, "ಅವಳ ಹತ್ತಿರ ನೀವೊಬ್ಬರೇ ಮಾತಾಡಿ ಡಾಕ್ಟ್ರೇ, ಮನೆಯವರು ಹೊರಗಿರಲಿ" ಎಂದು ಕೇಳಿ. ಮೂರನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಬಿ.ಪಿ.ಯನ್ನು ಮಲಗಿದಾಗಲೂ ನಿಂತಾಗಲೂ ನೋಡಿಸಿ. ಬಸುರಿಯಲ್ಲದವಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ತಿಂಗಳುಗಟ್ಟಲೆ ಬರೀ ತಲೆಸುತ್ತಿನ ಮಾತ್ರೆ ಬರೆದುಕೊಡುತ್ತಿದ್ದರೆ "ಕಾರಣ ಏನು, ಬರೆದುಕೊಡಿ" ಎಂದು ಕೇಳಿ.

ತಲೆಸುತ್ತಿನ ಜೊತೆ ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಹಿಂಸೆಯಲ್ಲಿರುವವಳಿಗೆ 181 ಮಹಿಳಾ ಸಹಾಯವಾಣಿ ಇದೆ, ಪ್ರಾಣಾಪಾಯವಿದ್ದರೆ 112 ಇದೆ.

ಸಾಲದ ಕಂತು ಒಂದು ವಾರ ತಪ್ಪಿದರೆ ನಾವು ಮನೆಗೆ ಹೋಗಿ ವಿಚಾರಿಸುತ್ತೇವೆ. ಸದಸ್ಯೆಯ ತಲೆ ತಿಂಗಳುಗಟ್ಟಲೆ ಸುತ್ತುತ್ತಿದ್ದರೂ ಯಾಕೆ ಎಂದು ವಿಚಾರಿಸಬೇಡವೇ? ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲು ಆ ಪ್ರಶ್ನೆ ಕೇಳಿ. ಉತ್ತರ ಕೂಡಲೇ ಬರಲಿಕ್ಕಿಲ್ಲ. ಅವಳು ತಲೆ ತಗ್ಗಿಸಿ ಸುಮ್ಮನೆ ಕೂತರೆ, ಸಭೆ ಮುಗಿದ ಮೇಲೆ ಅವಳ ಜೊತೆ ಮನೆಯವರೆಗೆ ನಡೆದು ಹೋಗಿ.