ಕರಿಕಲ್ಲೂ ಕಾಂತಸೂಜಿಯೂ

ನಾನು ಇತಿಹಾಸದ ವಿದ್ಯಾರ್ಥಿ. ಶಿಲೆಗಳ ವಿಷಯದಲ್ಲಿ ಲೇಖನಿ ಹಿಡಿದುದನ್ನು ಕಂಡು ಭೂಗೋಳದ ಅಧ್ಯಾಪಕರು ನಕ್ಕರೆ ನನಗೆ ಬೇಸರವಿಲ್ಲ. ನೀರು ಬೀಳದ ಕೊಳವೆಬಾವಿಗೆ ಸಾಲ ಮಾಡಿದವರ ಮಗನಿಗೆ ಈ ಮಾತನ್ನಾಡುವ ಹಕ್ಕುಂಟೆಂದು ನಂಬಿದ್ದೇನೆ.

ವಿಜಯಪುರ ಸೀಮೆಯ ನಮ್ಮ ಹೊಲದಲ್ಲಿ, ಅಂಗೈಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದ ಹಿರಿಯರೊಬ್ಬರು “ಇಲ್ಲೇ ಹಾಕ್ಸ್ರಿ, ನೀರು ಬಿದ್ದಽ ಬೀಳ್ತದ” ಎಂದರು. ಯಂತ್ರ ಕೊರೆಯಿತು. ಮೊದಲು ಕರಿಯ ಪುಡಿ ಬಂದಿತು, ನಡುವೆ ಕೆಂಪು ಪುಡಿ, ಮತ್ತೆ ಕರಿಯದೇ. ನೀರು ಮಾತ್ರ ಬರಲಿಲ್ಲ. ಅಪ್ಪ ಜೋಡೆತ್ತು ಮಾರಿದರು.

ಆ ಪುಡಿಯೂ ಒಂದು ಇತಿಹಾಸವೆಂದು ಆಮೇಲೆ ಓದಿ ತಿಳಿದೆನು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರುಪದರಾಗಿ ಹರಿದು ದಖನ್ನಿನ ಕರಿಕಲ್ಲಾಯಿತು. ಗೋಲಗುಂಬಜವನ್ನು ಕಟ್ಟಿದುದೂ ಇದೇ ಕಲ್ಲಿನಿಂದ. ಎರಡು ಹರಿವುಗಳ ನಡುವಣ ಕಾಲದಲ್ಲಿ ಮೇಲ್ಮೈ ಸವೆದು ಕೆಂಪು ಪದರಾಯಿತು. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಮಿಯ ಕಾಂತದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಗುರುತನ್ನೇ ಅಳೆದು, ಆಗ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕಿತ್ತೆಂದು ಕ್ಲೆಗ್ ಮತ್ತು ಅವರ ಸಂಗಡಿಗರು 1956ರಲ್ಲಿ ತೋರಿಸಿದರು.

ಇದೇ ಗುಣ ನೀರು ಹುಡುಕುವವನಿಗೂ ನೆರವಾಗಬಲ್ಲದು. ಮ್ಯಾಗ್ನೆಟೋಮೀಟರ್ ಹಿಡಿದು ಗೆರೆಗೆರೆಯಾಗಿ ನಡೆದು ಅಳೆದರೆ, ಬಿರುಕಿನಲ್ಲಿ ಲಾವಾ ನಿಂತು ಗಟ್ಟಿಯಾದ ಗೋಡೆ, ಅಂದರೆ ಡೈಕ್, ನಕ್ಷೆಯಲ್ಲಿ ನೀಳವಾದ ಪಟ್ಟೆಯಾಗಿ ಕಾಣಬಹುದು. ಮಹಾರಾಷ್ಟ್ರದ ಧುಳೆ, ನಂದುರಬಾರ ಕಡೆ ಇಂತಹ ಗೋಡೆಗಳು ನೂರಾರು. ಗೋಡೆ ಗಟ್ಟಿಯಿದ್ದರೆ ಅಂತರ್ಜಲಕ್ಕೆ ಒಡ್ಡಾಗುತ್ತದೆ. ಬಿರುಕುಬಿಟ್ಟಿದ್ದರೆ ನೀರಿಗೆ ದಾರಿಯಾಗುತ್ತದೆ.

ಹಾಗೆಂದು ಈ ಉಪಕರಣ ನೀರನ್ನೇ ತೋರಿಸುವುದೆಂದು ನಾನು ಹೇಳಲಾರೆ. ಅದು ತೋರಿಸುವುದು ಕಲ್ಲಿನ ರಚನೆಯನ್ನು. ಹತ್ತಿರ ವಿದ್ಯುತ್ ತಂತಿಯೋ ಕಬ್ಬಿಣದ ಪೈಪೋ ಇದ್ದರೆ ಅಳತೆ ಕೆಡುತ್ತದೆ. ಪದರಿನ ಮೇಲೆ ಪದರು ಬಿದ್ದಿರುವಲ್ಲಿ ಅರ್ಥಮಾಡುವುದು ಸುಲಭವೂ ಅಲ್ಲ. ಆದುದರಿಂದ ವಿದ್ಯುತ್ ಪ್ರತಿರೋಧದ ಪರೀಕ್ಷೆಯೂ ನೆರೆಹೊರೆಯ ಬಾವಿಗಳ ವಿವರವೂ ಇದರ ಜತೆಗಿರಬೇಕು.

ಒಬ್ಬೊಬ್ಬ ರೈತನೂ ಇದನ್ನೆಲ್ಲ ಮಾಡಿಸಲಾರನು. ಸರ್ಕಾರವು ಹಳ್ಳಿಹಳ್ಳಿಗೂ ಇಂತಹ ನಕ್ಷೆ ಸಿದ್ಧಪಡಿಸಿ, ಕೊರೆಯುವ ಮೊದಲೇ ಎಲ್ಲರೂ ನೋಡುವಂತೆ ಪಂಚಾಯಿತಿ ಕಚೇರಿಯ ಗೋಡೆಗೆ ತೂಗುಹಾಕಬೇಕೆಂಬುದು ನನ್ನ ಅಭಿಪ್ರಾಯ. ಸಹಪಾಠಿಗಳೇ, ಬತ್ತಿದ ಬಾವಿ ಯಾವುದು, ಎಷ್ಟು ಅಡಿಗೆ ಯಾವ ಬಣ್ಣದ ಪುಡಿ ಬಂದಿತು ಎಂದು ಊರೂರು ಕೇಳಿ ಬರೆದಿಡುವುದು ಕಲಾವಿಭಾಗದ ನಮ್ಮಿಂದ ಆಗದ ಕೆಲಸವೇ?

ತೆಂಗಿನಕಾಯಿ ಹಿಡಿದ ಆ ಹಿರಿಯರನ್ನು ನಾನು ಹಳಿಯುವುದಿಲ್ಲ. ಅಪ್ಪನಿಗೆ ಕೇಳಲು ಬೇರೆ ಯಾರೂ ಇರಲಿಲ್ಲ.