ಪಾಸ್‌ವರ್ಡ್ ತೆಗೆದುಕೊಡಬೇಕೋ, ಬೇಡವೋ

ಸಂತೆಕಲ್ಲೂರಿನಲ್ಲಾಗಲಿ ಮಸ್ಕಿಯಲ್ಲಾಗಲಿ, ಆನ್‌ಲೈನ್ ಸೆಂಟರ್ ನಡೆಸುವ ಹುಡುಗನಿಗೆ ಆಧಾರ್ ಪಿಡಿಎಫ್ ತೆರೆಯುವುದು ಕಷ್ಟವೇ ಅಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಹಿಂದೆಯೇ ಹುಟ್ಟಿದ ಇಸವಿ. 1978ರಲ್ಲಿ ಹುಟ್ಟಿದ ಬಸವರಾಜನಾದರೆ ಬಿ ಎ ಎಸ್ ಎ 1978, ಅಷ್ಟೆ. ಇ-ಪ್ಯಾನ್‌ಗೆ ಹುಟ್ಟಿದ ದಿನಾಂಕವೇ ಪಾಸ್‌ವರ್ಡ್. ಅದೂ ನಮ್ಮ ಕಡೆ ದೊಡ್ಡ ಗುಟ್ಟೇನಲ್ಲ. ಹಳಬರಲ್ಲಿ ಎಷ್ಟೋ ಮಂದಿ ಕಾಗದದ ಮೇಲೆ ಹುಟ್ಟಿದ್ದು ಜೂನ್ 1ಕ್ಕೆ. ಶಾಲೆಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರು ಬರೆದುಕೊಂಡದ್ದೇ ಜನ್ಮದಿನ.

ಕಾರ್ಡಿನ ಯಜಮಾನನೇ ಎದುರಿಗೆ ನಿಂತಿರುವಾಗ ಇದರಲ್ಲಿ ತಪ್ಪು ಹುಡುಕುವವರಿಲ್ಲ. ತಕರಾರು ಏಳುವುದು ಪೆನ್‌ಡ್ರೈವ್ ಹಿಡಿದು ಅಪರಿಚಿತ ಬಂದಾಗ. “ಅಣ್ಣಾ, ಈ ಎಕ್ಸೆಲ್ ಓಪನ್ ಆಗವಲ್ದು. ಪಾಸ್‌ವರ್ಡ್ ಹಾಕಿದಾತ ಕೆಲ್ಸ ಬಿಟ್ಟು ಬೆಂಗ್ಳೂರಿಗೆ ಹೋಗ್ಯಾನ.” ಸಿಂಧನೂರಿನ ಯಾವುದೋ ರೈಸ್ ಮಿಲ್ಲಿನ ಲೆಕ್ಕವಿದ್ದು, ಆತ ಹೇಳಿದ್ದು ಪೂರಾ ನಿಜವಿರಬಹುದು. ಮಿಲ್ಲಿನ ಪಾಲುದಾರನ ಲೆಕ್ಕವನ್ನು ಕದ್ದು ತಂದವನೂ ಇದೇ ಮಾತನ್ನೇ ಆಡುತ್ತಾನೆ.

ತೆಗೆದುಕೊಡಬೇಕು ಅನ್ನುವವರ ವಾದ ಹಗುರವಾದದ್ದಲ್ಲ. ಗಂಡ ತೀರಿಕೊಂಡ ಮೇಲೆ ಆತನ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬರುವ ಹೆಂಗಸಿಗೆ ‘ಖಾತೆದಾರರನ್ನೇ ಕರಕೊಂಡು ಬಾ’ ಅನ್ನಲಾದೀತೇ? ಅಲ್ಲದೆ ನಾವು ಬೀಗ ಅಂದುಕೊಂಡ ಕೆಲವು ಬೀಗಗಳೇ ಅಲ್ಲ. ಎಕ್ಸೆಲ್‌ನ ಶೀಟ್ ಪ್ರೊಟೆಕ್ಷನ್ ಗುಟ್ಟು ಕಾಯುವ ಬೀಗವಲ್ಲ, ಕೈಯಾಡಿಸದಂತೆ ತಡೆಯುತ್ತದೆ ಅಷ್ಟೆ. ಪಿಡಿಎಫ್‌ನಲ್ಲಿ ಪ್ರಿಂಟ್, ಕಾಪಿ ತಡೆಯುವ ಪಾಸ್‌ವರ್ಡ್ ಕೂಡ ಹಾಗೆಯೇ, ಓದಲು ಅಡ್ಡಿಯಿಲ್ಲ. ಕೃಷಿಜ್ಞಾನ ಪ್ರದೀಪಿಕೆ ಬರೆದು ಒಕ್ಕಲುತನದ ವಿದ್ಯೆಯನ್ನು ಎಲ್ಲರ ಕೈಗಿಟ್ಟ ಘನಮಠ ಶಿವಯೋಗಿಗಳ ಸಂತೆಕಲ್ಲೂರಿನಲ್ಲಿ, ಇಷ್ಟನ್ನೂ ಗುಟ್ಟು ಮಾಡಿ ಕಾಸು ಕೀಳುವುದು ನನಗಂತೂ ಸರಿ ಕಾಣುವುದಿಲ್ಲ.

ಫೈಲನ್ನೇ ತೆರೆಯಗೊಡದ ಪಾಸ್‌ವರ್ಡಿನ ಕಥೆ ಬೇರೆ. ಆಫೀಸ್ 2007ರಿಂದೀಚೆಗೆ ಅದು ಗಟ್ಟಿ ಗೂಢಲಿಪಿ. ಪಾಸ್‌ವರ್ಡ್ ಉದ್ದವಿದ್ದು ಮರೆತುಹೋಗಿದ್ದರೆ ಯಾವ ಅಂಗಡಿಯವನೂ ತೆರೆಯಲಾರ. ಗ್ಯಾರಂಟಿ ಕೊಟ್ಟು ಮುಂಗಡ ಕೇಳುವವನನ್ನು ನಂಬಬಾರದು. ‘ಫ್ರೀ ಅನ್‌ಲಾಕ್’ ತಾಣಕ್ಕೆ ಹಾಕಿದರಂತೂ ಫೈಲು ಗುರುತಿಲ್ಲದವರ ಕಂಪ್ಯೂಟರಿಗೆ ಹೋಗಿ ಕೂತಂತೆ.

ಕಾನೂನು ನೋಡುವುದು ಅನುಮತಿಯನ್ನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಯಜಮಾನನ ಒಪ್ಪಿಗೆಯಿಲ್ಲದೆ ಕಂಪ್ಯೂಟರಿನ ಮಾಹಿತಿಗೆ ಕೈಹಾಕಿದವನ ಜೊತೆಗೆ ಅದಕ್ಕೆ ನೆರವಾದವನನ್ನೂ ಹಿಡಿಯುತ್ತದೆ. ಮೋಸದ ಉದ್ದೇಶ ಸೇರಿದರೆ 66ನೇ ಕಲಮು: ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಉದ್ದೇಶದ ಈ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಅಡೋಬಿ ಇ-ಪುಸ್ತಕಗಳ ಬೀಗ ತೆಗೆಯುವ ತಂತ್ರಾಂಶ ಬರೆದ ರಷ್ಯದ ದಿಮಿತ್ರಿ ಸ್ಕ್ಲ್ಯಾರೋವ್‌ನನ್ನು 2001ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಬಂಧಿಸಿದರು. 2002ರ ಡಿಸೆಂಬರಿನಲ್ಲಿ ಆತನ ಕಂಪನಿ ಎಲ್ಕಾಮ್‌ಸಾಫ್ಟ್ ನಿರ್ದೋಷಿ ಎಂದು ಜ್ಯೂರಿ ಹೇಳಿತು.

ಹಳ್ಳಿಯಲ್ಲಿ ನನ್ನನ್ನು ಹೆಚ್ಚು ಕಾಡುವವನು ಅಪರಿಚಿತನಲ್ಲ, ಪರಿಚಿತ. ಅಪರಿಚಿತನಿಗೆ ‘ಆಗಲ್ಲ’ ಅಂದು ಕಳಿಸಬಹುದು. ಹೊಲದ ಪಾಲಿಗಾಗಿ ಜಗಳವಾಡುತ್ತಿರುವ ಅಣ್ಣ, ತಮ್ಮನ ಫೈಲು ತಂದು “ನಮ್ಮ ಮನೀದ ಐತಿ ತೆಗಿಯಪ್ಪಾ” ಅಂದರೆ? ಹೆಂಡತಿಯ ಖಾತೆಯ ಸ್ಟೇಟ್‌ಮೆಂಟ್ ಹಿಡಿದು ಗಂಡ ಬಂದರೆ? ಇಬ್ಬರೂ ದಿನಾ ಕಾಣುವವರು, ಒಬ್ಬರ ಮುಖ ನೋಡಿ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಸುಲಭವಲ್ಲ. ಆದರೂ ಅಲ್ಲಿಯೇ ಇಲ್ಲ ಅನ್ನಬೇಕು. ಬೀಗ ತೆಗೆಯುವ ಬಗೆಯನ್ನು ಕೇಳಿದವರಿಗೆಲ್ಲ ಹೇಳಿಕೊಡಲಿ. ಇಂಥದೇ ಫೈಲು ಅಂದಾಗ ಅದರ ಯಜಮಾನ ಕೌಂಟರಿನ ಮುಂದಿರಲಿ, ಕಡೇಪಕ್ಷ ಫೋನಿನಲ್ಲಾದರೂ ಸಿಗಲಿ. ಯಜಮಾನ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ನೋಡಿ ತೆರೆದುಕೊಟ್ಟರೆ ನಾನು ಆಕ್ಷೇಪಿಸಲಾರೆ. ವಾರಸುದಾರರು ಇಬ್ಬರಿದ್ದು ಜಗಳವಿದ್ದರೆ ಮಾತ್ರ ಬ್ಯಾಂಕಿಗೇ ಕಳಿಸುವುದು ಲೇಸು.

ಇನ್ನು ತೆರೆದ ಫೈಲು ಎಲ್ಲಿ ಹೋಗುತ್ತದೆ? ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೆಯೇ ಬಿದ್ದಿರುತ್ತದೆ. ಬೆಳೆ ವಿಮೆಗೆ ಬಂದಾಗ ಆಧಾರ್ ಇಳಿಸಿಕೊಳ್ಳಲು ಮತ್ತೆ ಓಟಿಪಿ ತಾಪತ್ರಯ ಬೇಡವೆಂದು ಗಿರಾಕಿಯೇ “ನಿನ್ನ ಹತ್ರನೇ ಇರಲಿ ಬಿಡಪ್ಪಾ” ಅನ್ನುವುದುಂಟು. ಅವರ ಓಡಾಟ ಉಳಿಯುತ್ತದೆ, ನಿಜ. ಆದರೆ ಆ ಕಂಪ್ಯೂಟರಿನ ಮುಂದೆ ಕೂರುವವನು ಅಂಗಡಿಯವನೊಬ್ಬನೇ ಅಲ್ಲ. ಗಿರಾಕಿಯ ಕಣ್ಣೆದುರೇ ಫೈಲು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು.