ವೈಟ್‌ಫೀಲ್ಡಿನ ಒಳವೃತ್ತ

ವೈಟ್‌ಫೀಲ್ಡ್ ಎಂದೊಡನೆ ಇಂದಿನ ಕಥೋಲಿಕ ಕುಟುಂಬಗಳಿಗೆ ನೆನಪಾಗುವುದು ಮಗನ ಇಲ್ಲವೆ ಮಗಳ ಕಚೇರಿ, ಬಾಡಿಗೆಯ ಫ್ಲಾಟು, ಮುಗಿಯದ ವಾಹನಸಂದಣಿ. ಈ ಊರು ಬೇಸಾಯಕ್ಕಾಗಿ ಹುಟ್ಟಿತೆಂದರೆ ನಂಬುವವರು ವಿರಳ.

1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ನೀಡಿದರು. ಆ ಚಳವಳಿಯ ಮುಂದಾಳು ಮದರಾಸಿನ ಡಿ.ಎಸ್. ವೈಟ್, ಊರು ಅವರ ಹೆಸರನ್ನೇ ಹೊತ್ತಿದೆ. ಆಳುವ ಬಿಳಿಯರು ತಮ್ಮವರೆಂದು ಪೂರ್ತಿಯಾಗಿ ಒಪ್ಪದ, ನೆರೆಯ ಭಾರತೀಯರೂ ಹೊರಗಿನವರೆಂದೇ ಎಣಿಸಿದ ಜನ ಅವರು. ನೌಕರಿಯೊಂದನ್ನೇ ನೆಚ್ಚದೆ ಸ್ವಂತ ನೆಲದ ಮೇಲೆ ನಿಲ್ಲಬೇಕೆಂಬುದು ವೈಟ್‌ರ ಹಂಬಲವಾಗಿತ್ತು. ನಡುವೆ ಎಲ್ಲರಿಗೂ ಸೇರಿದ ಬಯಲು, ಅದನ್ನು ಬಳಸಿದ ದುಂಡನೆಯ ಬೀದಿ, ಬೀದಿಯಂಚಿಗೆ ತೋಟದ ಮನೆಗಳು, ಆಚೆಗೆ ಹೊಲಗಳು. ಇನ್ನರ್ ಸರ್ಕಲ್ ಎಂದು ಇಂದಿಗೂ ಕರೆಯುವ ವಿನ್ಯಾಸ ಇದೇ.

ಬೇಸಾಯ ಬಹಳ ಮಂದಿಗೆ ಕೈಹತ್ತಲಿಲ್ಲ. ಊರು ಕ್ರಮೇಣ ನಿವೃತ್ತರ ನೆಲೆಯಾಯಿತು. ಸ್ವಾತಂತ್ರ್ಯಾನಂತರ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟುಹೋದರು. ಇಲ್ಲಿನ ವೇವರ್ಲಿ ಇನ್‌ಗೆ ಚರ್ಚಿಲ್ ಬರುತ್ತಿದ್ದರೆಂಬ ಕಥೆ ಮಾತ್ರ ಗಟ್ಟಿಯಾಗಿ ಉಳಿದಿದೆ. ಅವರು 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದದ್ದು ನಿಜ, ಉಳಿದದ್ದು ಬಾಯಿಮಾತು. ಬಂದುಹೋದ ಅತಿಥಿಯ ಹೆಸರು ಉಳಿಯಿತು, ಬಾವಿ ತೋಡಿದವರ ಹೆಸರು ಅಳಿಯಿತು!

ಮುಂದಿನದು ಎಲ್ಲರೂ ಬಲ್ಲದ್ದೇ. 1994ರಲ್ಲಿ ಭಾರತ-ಸಿಂಗಪುರಗಳ ಸಹಯೋಗದ ತಂತ್ರಜ್ಞಾನ ಪಾರ್ಕಿನ ಯೋಜನೆ ರೂಪುಗೊಂಡಿತು. 2007ರಲ್ಲಿ ಊರು ಬೃಹತ್ ಬೆಂಗಳೂರಿನೊಳಗೆ ಸೇರಿತು. 2023ರಲ್ಲಿ ಮೆಟ್ರೋ ಬಂದಿತು. ಎಕರೆಯ ಲೆಕ್ಕದ ನೆಲ ಚದರಡಿಯ ಲೆಕ್ಕಕ್ಕೆ ಇಳಿಯಿತು.

ಹಳೆಯದೆಲ್ಲವೂ ಹಾಗೆಯೇ ಉಳಿಯಲೆಂಬ ಹಠ ನಮ್ಮದಲ್ಲ. ದ್ರವ್ಯ ಬೇರೆ, ಆಕಾರ ಬೇರೆ ಎಂಬ ವಿವೇಚನೆಯನ್ನು ನಾವು ಅರಿಸ್ಟಾಟಲನಿಂದ ಕಲಿತಿದ್ದೇವೆ. ಹೆಂಚು ಬದಲಾದರೂ, ತೊಲೆ ಬದಲಾದರೂ ಮನೆ ಅದೇ ಮನೆ. ಆದರೆ ನಡುವಣ ಬಯಲು, ತಗ್ಗು ಮಾಡು, ಮನೆಮುಂದಿನ ಮರಗಳು ಇಲ್ಲವಾಗಿ ಬಹುಮಹಡಿ ಕಟ್ಟಡಗಳು ಬೀದಿಯನ್ನು ಒತ್ತಿ ನಿಂತರೆ ಅಲ್ಲಿ ಹೆಸರಲ್ಲದೆ ಇನ್ನೇನೂ ಉಳಿಯದು. ಮನೆ ಮಾರುವ ವಾರಸುದಾರರನ್ನು ದೂಷಿಸುವುದು ಸುಲಭ. ಹಳೆಯ ಮಾಡಿನ ದುರಸ್ತಿಗೆ ಎಷ್ಟು ಹಣ ಬೇಕೆಂಬುದನ್ನು ದೂಷಿಸುವವರು ಕೇಳುವುದಿಲ್ಲ. ಆದ್ದರಿಂದ ಒಳವೃತ್ತಕ್ಕೆ ಕಟ್ಟಡಗಳ ಎತ್ತರದ ಮಿತಿ ಮತ್ತು ಹಳೆಮನೆಗಳ ಒಡೆಯರಿಗೆ ತೆರಿಗೆ ವಿನಾಯಿತಿ ಎರಡೂ ಒಟ್ಟಿಗೆ ಬರಬೇಕು. ಮೊದಲನೆಯದೊಂದೇ ಬಂದರೆ ಅದು ಬಡಪಾಯಿ ಒಡೆಯನಿಗೆ ಶಿಕ್ಷೆಯಾದೀತು.

ಶಾಸನಸಭೆಗಳಲ್ಲಿ ಆಂಗ್ಲೋ-ಇಂಡಿಯನ್ನರ ನಾಮಕರಣ 2020ರಲ್ಲಿ ನಿಂತುಹೋಯಿತು. ಅವರ ಪರವಾಗಿ ಅಲ್ಲಿ ಕೇಳುವವರು ಕಡಿಮೆ. ಹೊಸದಾಗಿ ಬಂದು ನೆಲೆಸಿದ ನಮ್ಮ ಕುಟುಂಬಗಳು ಈ ಮಾತನ್ನು ಎತ್ತಬಾರದೇಕೆ? ಲೂರ್ದುಮಾತೆಯ ದೇವಾಲಯದಲ್ಲಿ ಭಾನುವಾರದ ಪೂಜೆ ಮುಗಿಸಿದವರು ಕಾರು ಹತ್ತುವ ಮೊದಲು ಆ ವೃತ್ತವನ್ನೊಮ್ಮೆ ಸುತ್ತಿಬರಲಿ, ಉಳಿದಿರುವ ಹಿರಿಯರನ್ನು ಮಾತನಾಡಿಸಲಿ. ಅವರ ಪೆಟ್ಟಿಗೆಗಳಲ್ಲಿರುವ ಹಕ್ಕುಪತ್ರ, ಭಾವಚಿತ್ರ, ಓಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ನಮ್ಮ ಯುವಜನರಿಗೆ ನಾಲ್ಕಾರು ಶನಿವಾರಗಳದ್ದು.